ದೀಪ ಹಾಕದ ಲಾಡ್ಜು

ಹೊರಡುವ ಹಿಂದಿನ ದಿನ ಭಾವ ಫೋನ್ ಮಾಡಿ, ಕಡಲ ಬದಿಯ ಆ ಲಾಡ್ಜಿಗೆ ಬೇಡ ಅಂದರು. ಅವರು ಮೊದಲೇ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬಂದವರು. "ರಾತ್ರಿ ಲೈಟಿಲ್ಲ. ನೀರು ಅಳೆದು ಕೊಡ್ತಾರೆ. ಅಷ್ಟು ದುಡ್ಡು ಕೊಟ್ಟು ರೂಮಲ್ಲಿ ಕೂತ್ರೆ ಸಮುದ್ರ ಕೂಡ ಕಾಣೂದಿಲ್ಲ. ಎಂತಕ್ಕೆ ಹೋಗ್ತೀರಿ?" ನಾವು ಆಗಲೇ ದುಡ್ಡು ಕಟ್ಟಿ ಆಗಿತ್ತು. ಮಗಳು ಚೀಲ ತುಂಬಿಟ್ಟಿದ್ದಳು. ಸಂಕ್ರಾಂತಿ ಕಳೆದ ವಾರ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋದೆವು.

ಭಾವ ಹೇಳಿದ್ದು ಮೂರೂ ನಿಜವಾಗಿತ್ತು. ವಾಪಸ್ ಬಂದ ಮೇಲೆ ನಾನು ಯೋಚನೆ ಮಾಡ್ತಾ ಇರುವುದು ಆ ಮೂರರ ಬಗ್ಗೆಯೇ. ಕಾರವಾರದಿಂದ ಭಟ್ಕಳದವರೆಗೆ 66ನೇ ಹೆದ್ದಾರಿಯ ಬದಿಯಲ್ಲಿ ಈಗ ಎಷ್ಟೊಂದು ಬೋರ್ಡುಗಳು ಅಲ್ವಾ. ಇಕೋ ರೆಸಾರ್ಟ್, ಇಕೋ ಸ್ಟೇ, ಹಸಿರು ಮನೆ. ಒಳಗೆ ಹೋದರೆ ಬಿದಿರಿನ ತಟ್ಟಿ, ಮಣ್ಣಿನ ಹೂಜಿ, ಕಾಗದದ ಸ್ಟ್ರಾ. ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಪ್ಲಾಸ್ಟಿಕ್ ಬಾಟಲಿ ಕಡಿಮೆ ಆದರೆ ಒಳ್ಳೆಯದೇ. ಆದರೆ ಇವು ರೂಮಿನ ಒಳಗಿನ ವಿಷಯ. ಹೊರಗಿನ ದಂಡೆಗೆ ತಾಗುವುದು ಬೇರೆ ಮೂರು: ರಾತ್ರಿ ಎಷ್ಟು ಬೆಳಕು ಬೀಳುತ್ತದೆ, ಮರಳಿನ ದಿಬ್ಬದಿಂದ ಎಷ್ಟು ಹಿಂದೆ ಕಟ್ಟಿದ್ದಾರೆ, ನೆಲದೊಳಗಿಂದ ಎಷ್ಟು ನೀರು ಎತ್ತುತ್ತಾರೆ. ಭಾವನ ದೂರುಗಳೂ ಇವೇ ಮೂರು. ಕಡಲ ಬದಿಯ ಲಾಡ್ಜು ಪರಿಸರಕ್ಕೆ ಒಳ್ಳೆಯದಾಗಿದೆಯೋ ಇಲ್ಲವೋ ಅಂತ ನೋಡಬೇಕಾದರೆ, ಬಂದವರಿಗೆ ಅದು ಯಾವ್ಯಾವುದನ್ನು ಇಲ್ಲ ಅನ್ನುತ್ತದೆ ಅಂತ ನೋಡಬೇಕು. ಇದು ನನಗೆ ಅಲ್ಲಿ ಉಳಿದಾಗ ಹೊಳೆದದ್ದು.

ಜಾಗ ಧಾರೇಶ್ವರಕ್ಕೂ ಅಪ್ಸರಕೊಂಡಕ್ಕೂ ನಡುವೆ ಎಲ್ಲೋ ಒಂದು ಕಡೆ. ಹೆಸರು ಬರೆಯುವುದಿಲ್ಲ. ಅಲ್ಲಿರುವುದೇ ಬೆರಳೆಣಿಕೆಯ ಮನೆಗಳು. ಜನ ನುಗ್ಗಿದರೆ ಅವರಿಗೂ ಕಷ್ಟ, ದಂಡೆಗೂ ಕಷ್ಟ.

ಊಟದ ಹೊತ್ತಿನ ಬಲ್ಬು

ಊಟದ ಜಾಗ ಅಂದರೆ ಚಿರೇಕಲ್ಲಿನ ಗಿಡ್ಡ ಗೋಡೆ, ಮೇಲೆ ತೆಂಗಿನ ಮಡಲಿನ ಮಾಡು. ಮೊಣಕಾಲಿನ ಎತ್ತರದಲ್ಲಿ ನಾಲ್ಕೈದು ಹಳದಿ ದೀಪ. ಅದಕ್ಕೂ ಕಡಲಿನ ಕಡೆಗೆ ತಗಡಿನ ಮರೆ. ತಟ್ಟೆಯಲ್ಲಿ ಏನಿದೆ ಅಂತ ಕಾಣುತ್ತಿತ್ತು, ಎದುರಿಗೆ ಕೂತವರ ಮುಖ ಅರ್ಧ ಕಾಣುತ್ತಿತ್ತು. ರೂಮಿಗೆ ಹೋಗುವ ದಾರಿಯಲ್ಲಿ ಒಂದೂ ಕಂಬವಿಲ್ಲ.

ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಒಂದು ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ತಾಯಿಗೆ ಎಪ್ಪತ್ತು ದಾಟಿರಬೇಕು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಊಟ ಮುಗಿಯುವ ಹೊತ್ತಿಗೆ ಮಗ ದನಿ ಏರಿಸಿದರು. ಅಮ್ಮ ಬಿದ್ದರೆ ಯಾರು ಜವಾಬ್ದಾರಿ, ಇಷ್ಟು ದುಡ್ಡು ತಗೊಂಡು ಒಂದು ಬಲ್ಬ್ ಹಾಕೋಕೆ ಆಗಲ್ವಾ, ಸೋಲಾರ್ ಇದೆ ಅಂತೀರಿ. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ವಯಸ್ಸಾದ ತಾಯಿಯನ್ನು ಕತ್ತಲೆಯಲ್ಲಿ ಮರಳಿನ ಮೇಲೆ ನಡೆಸುವಾಗ ಯಾರಿಗಾದರೂ ಭಯ ಆಗುತ್ತದೆ.

ಅಲ್ಲಿ ಎಲ್ಲ ನೋಡಿಕೊಳ್ಳುವವರು ಆ ಊರಿನವರೇ, ಮೀನುಗಾರರ ಮನೆಯವರು, ಐವತ್ತರ ಆಸುಪಾಸು. ಅವರು ಕೂಡಲೇ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಒಂದು ಟಾರ್ಚ್ ತಂದರು. ಅದರ ಬಾಯಿಗೆ ಕೆಂಪು ಕಾಗದ ಕಟ್ಟಿತ್ತು. "ಸರ್, ಬಲ್ಬ್ ಹಾಕ್ಲಿಕ್ಕೆ ಎರಡು ನಿಮಿಷ ಸಾಕು. ಅಮ್ಮನ್ನ ನಾ ಕೈ ಹಿಡಿದು ಬಿಟ್ಟು ಬರ್ತೆ. ಆದ್ರೆ ಬಲ್ಬ್ ಹಾಕಿದ್ರೆ ಮರಿಗಳೆಲ್ಲ ಈ ಬದಿಗೆ ಬರ್ತವೆ."

"ಯಾವ ಮರಿ?" ಕೇಳಿದ್ದು ಆ ತಾಯಿ.

ಆಮೆಯ ಮರಿ ಅಂದರು. ಆಮೇಲೆ ಅಲ್ಲೇ ಗೋಡೆಗೆ ಒರಗಿ ನಿಂತು ಹೇಳಿದರು. ನಾವೂ ಕುರ್ಚಿ ತಿರುಗಿಸಿಕೊಂಡೆವು. ಆಲಿವ್ ರಿಡ್ಲೆ ಆಮೆ ಚಳಿಗಾಲದಲ್ಲಿ ದಂಡೆಗೆ ಬರುತ್ತದೆ. ಹೆಣ್ಣು ಮಾತ್ರ ಬರುವುದು. ನಲವತ್ತು ಕೆಜಿಯಷ್ಟಿರುವ ಮೈಯನ್ನು ಎಳೆದುಕೊಂಡು ನೀರಿನ ಗೆರೆ ದಾಟಿ, ಒಣ ಮರಳಿಗೆ ಬಂದು, ಹಿಂದಿನ ಕಾಲಿನಿಂದ ಒಂದೂವರೆ ಅಡಿ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ದಂಡೆಯಲ್ಲಿ ಬೆಳಕೋ ಗದ್ದಲವೋ ಕಂಡರೆ ಮೊಟ್ಟೆ ಇಡದೆ ತಿರುಗಿ ಹೋಗುವುದೂ ಉಂಟು. ಒಂದೂವರೆ ಎರಡು ತಿಂಗಳಿಗೆ ಮರಿ ಏಳುತ್ತವೆ, ಹೆಚ್ಚಾಗಿ ರಾತ್ರಿ ಹೊತ್ತು. ಅಂಗೈಗಿಂತ ಸಣ್ಣ ಜೀವ. ದಾರಿ ತೋರಿಸುವ ತಾಯಿ ಇಲ್ಲ. ಅವಕ್ಕೆ ಗೊತ್ತಿರುವುದು ಒಂದೇ, ಯಾವ ಕಡೆ ಬೆಳಕು ಜಾಸ್ತಿ ಇದೆಯೋ ಆ ಕಡೆ ಹೋಗಬೇಕು. ದೀಪವಿಲ್ಲದ ದಂಡೆಯಲ್ಲಿ ಬೆಳಕು ಜಾಸ್ತಿ ಇರುವುದು ಕಡಲಿನ ಮೇಲೆ. ನಕ್ಷತ್ರದ ಬೆಳಕು ನೀರಿನಲ್ಲಿ ಹೊಳೆಯುತ್ತದೆ. ಹಿಂದೆ ದಿಬ್ಬ, ಗಿಡ, ಮರ ಎಲ್ಲ ಕಪ್ಪು. ಎಷ್ಟೋ ಲಕ್ಷ ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ಈಗ ದಿಬ್ಬದ ಕಡೆಯಿಂದ ಒಂದು ಟ್ಯೂಬ್‌ಲೈಟ್ ಹೊಳೆದರೆ ಸಾಕು, ಮರಿಗಳು ಅದಕ್ಕೇ ಹೊರಡುತ್ತವೆ. ಬೆಳಗಾಗುವವರೆಗೆ ನಾಯಿ, ನರಿ, ಕಾಗೆ. ಉಳಿದವು ಬಿಸಿಲಿಗೆ ಒಣಗುತ್ತವೆ.

"ನಮ್ಮಜ್ಜನ ಕಾಲದಲ್ಲಿ ಮೊಟ್ಟೆ ತೆಗೆದು ತಿಂತಿದ್ರು. ಮಾರಾಟನೂ ಇತ್ತು," ಅಂದರು ಅವರು, ಮುಚ್ಚುಮರೆ ಇಲ್ಲದೆ. "ಈಗ ಹೆಜ್ಜೆ ಕಂಡ್ರೆ ನಮ್ಮ ಹುಡುಗ್ರೇ ಫಾರೆಸ್ಟಿನವರಿಗೆ ಫೋನ್ ಮಾಡೂದು." 1972ರ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಆಮೆ ಇದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಆದರೆ ಕಾಯ್ದೆ ಇದ್ದ ಮಾತ್ರಕ್ಕೆ ರಾತ್ರಿ ಎರಡು ಗಂಟೆಗೆ ದಂಡೆಯಲ್ಲಿ ಯಾರೂ ನಿಲ್ಲುವುದಿಲ್ಲ. ನಿಲ್ಲುವುದು ಬಲೆ ಎಳೆಯಲು ಎದ್ದ ಮೀನುಗಾರರು. ಗೂಡು ಕಂಡರೆ ಅರಣ್ಯ ಇಲಾಖೆಯವರು ಬಂದು ಸುತ್ತ ಬಲೆ ಕಟ್ಟುತ್ತಾರೆ, ಇಲ್ಲವೇ ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಒಯ್ಯುತ್ತಾರೆ. ಮಾಹಿತಿ ಕೊಟ್ಟವರಿಗೆ ಪ್ರೋತ್ಸಾಹಧನ ಕೊಡುವ ಕ್ರಮವೂ ಇದೆ. ಕಾರವಾರದ ದೇವಬಾಗ, ಮಾಜಾಳಿಯ ಕಡೆಯೂ, ಹೊನ್ನಾವರದ ಕಾಸರಕೋಡು, ಅಪ್ಸರಕೊಂಡದ ಕಡೆಯೂ ಹೀಗೆ ಕಾಪಾಡಿದ ಗೂಡುಗಳಿಂದ ಪ್ರತಿ ವರ್ಷ ಮರಿಗಳು ಕಡಲಿಗೆ ಹೋಗುತ್ತವೆ.

ಆ ತಾಯಿ ಪೂರ್ತಿ ಕೇಳಿದರು. ಆಮೇಲೆ ಮಗನಿಗೆ ಹೇಳಿದರು, "ಬಲ್ಬು ಬೇಡ ಕಣೋ. ನಾವೇನು ಲೈಟಲ್ಲಿ ಹುಟ್ಟಿದೋರಾ? ನನ್ನ ಕೈ ಹಿಡ್ಕೋ ಸಾಕು." ಕೆಂಪು ಟಾರ್ಚಿನ ಹಿಂದೆ ನಿಧಾನ ನಡೆದು ಹೋದರು. ಮೊಮ್ಮಕ್ಕಳಿಗೆ ಅಜ್ಜಿಯ ಮೇಲೆ ಒಮ್ಮೆಲೇ ಗೌರವ ಬಂದಂತಿತ್ತು, ಅವರೂ ಫೋನ್ ಜೇಬಿಗಿಟ್ಟು ಹಿಂದೆ ಹೋದರು.

ನಾವು ಆ ರಾತ್ರಿ ಆಮೆ ನೋಡಲಿಲ್ಲ. ನೋಡಬೇಕು ಅಂತ ಹಠ ಹಿಡಿದು ದಂಡೆಯಲ್ಲಿ ಓಡಾಡುವುದೂ ತಪ್ಪೇ, ಹತ್ತು ಜನ ಓಡಾಡಿದರೆ ಅದು ಮೇಲೆ ಬರುವುದಿಲ್ಲ. ಬೆಳಿಗ್ಗೆ ಒಂದು ಕಡೆ ಮರಳಿನಲ್ಲಿ ಅಗಲ ಪಟ್ಟಿ ಎಳೆದಂತೆ ಗುರುತು ಇತ್ತು, ಎರಡೂ ಬದಿಗೆ ಕಾಲಿನ ಬಡಿತ. ಅಷ್ಟು ಹೊತ್ತಿಗಾಗಲೇ ಯಾರೋ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿದ್ದರು. ಮಗಳು ಅಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ. ಒಳಗೆ ಗಂಡೆಷ್ಟು ಹೆಣ್ಣೆಷ್ಟು? ಅದನ್ನು ಮರಳಿನ ಬಿಸಿ ತೀರ್ಮಾನ ಮಾಡುತ್ತದೆ. ಮರಳು ತಂಪಿದ್ದರೆ ಗಂಡು ಜಾಸ್ತಿ, ಬಿಸಿ ಏರಿದರೆ ಹೆಣ್ಣು ಜಾಸ್ತಿ. ವರ್ಷದಿಂದ ವರ್ಷಕ್ಕೆ ಬೇಸಿಗೆ ಏರುತ್ತಿದ್ದರೆ ಮುಂದೆ ಏನಾಗಬೇಕು ಅಂತ ಅವಳೇ ಲೆಕ್ಕ ಹಾಕಿ, ಸುಮ್ಮನಾದಳು. ನನಗೂ ಏನು ಹೇಳಬೇಕು ಅಂತ ತೋಚಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಸ ವರ್ಷದ ರಾತ್ರಿ ಗೋಕರ್ಣದಿಂದ ಮುರ್ಡೇಶ್ವರದವರೆಗೆ ದಂಡೆಯ ಮೇಲೆ ಸರದೀಪ, ಫೋಕಸ್ ಲೈಟು, ಪಟಾಕಿ. ಆಮೆಗಳು ದಂಡೆಗೆ ಬರುವ ಕಾಲವೂ ಅದೇ. ಡಿಸೆಂಬರ್ ಕೊನೆಯ ವಾರ ಕಡಲು ಕಾಣುವ ದೀಪಗಳನ್ನೆಲ್ಲ ಆರಿಸಿ ಅಂತ ಜಿಲ್ಲೆಯಲ್ಲಿ ಒಂದು ಆದೇಶ ಹೊರಡಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಮುಂದೆ ದಿಬ್ಬ, ಅದರಾಚೆ ಕಡಲು

ಎರಡನೇ ದೂರು, ರೂಮಿನಿಂದ ಸಮುದ್ರ ಕಾಣುವುದಿಲ್ಲ ಅನ್ನುವುದು. ಕಾಣುವುದಿಲ್ಲ ನಿಜ. ಹಾಸಿಗೆಯಲ್ಲಿ ಮಲಗಿದರೆ ಸದ್ದು ಮಾತ್ರ. ಬಾಗಿಲು ತೆರೆದರೆ ಗಾಳಿಮರದ ಸಾಲು, ಅದರ ಮುಂದೆ ಆಳೆತ್ತರದ ಮರಳಿನ ದಿಬ್ಬ. ದಿಬ್ಬದ ಮೇಲೆ ಬಂಗಡೆ ಬಳ್ಳಿ ಹಬ್ಬಿ, ನೇರಳೆ ಹೂವು. ಇನ್ನೂ ಮುಂದೆ ಹೋದರೆ ರಾವಣನ ಮೀಸೆಯ ಚುಚ್ಚುವ ಹುಲ್ಲು. ಇವುಗಳ ನಡುವೆ ಒಂದೇ ಒಂದು ಕಾಲುದಾರಿ, ಅಡ್ಡಾದಿಡ್ಡಿ ಹೋಗಬಾರದು ಅಂತ ತೆಂಗಿನ ನಾರಿನ ಹಗ್ಗ ಕಟ್ಟಿದ್ದಾರೆ. ದಾರಿ ನೆಟ್ಟಗಿಲ್ಲ, ಓರೆಯಾಗಿ ಹೋಗುತ್ತದೆ. ನೆಟ್ಟಗೆ ಮಾಡಿದರೆ ಗಾಳಿ ಅದರಲ್ಲೇ ನುಗ್ಗಿ ಮರಳು ತೆಗೆದುಕೊಂಡು ಹೋಗುತ್ತದಂತೆ.

ಘಟ್ಟದ ಮೇಲಿನ ನಮಗೆ ಮರಳಿನ ದಿಬ್ಬ ಅಂದರೆ ಸುಮ್ನೆ ಬಿದ್ದ ಮರಳು. ಅದನ್ನು ಸಮ ಮಾಡಿ ಇಂಟರ್‌ಲಾಕ್ ಹಾಕಿದರೆ ಎಷ್ಟು ಚಂದ ಅನ್ನಿಸುತ್ತದೆ. ಆದರೆ ಮಳೆಗಾಲದ ಕಡಲನ್ನು ಒಮ್ಮೆ ನೋಡಿದವರು ಹಾಗೆ ಹೇಳುವುದಿಲ್ಲ. ಜೂನ್ ಜುಲೈಯಲ್ಲಿ ಅಲೆ ದಂಡೆಯ ಮರಳನ್ನು ಕಿತ್ತು ನೀರಿನೊಳಗೆ ಒಯ್ಯುತ್ತದೆ, ಅಲ್ಲಿ ಅಡ್ಡ ದಿಣ್ಣೆಯಾಗಿ ನಿಂತ ಮರಳಿಗೇ ಮುಂದಿನ ಅಲೆಯ ಪೆಟ್ಟು ತಾಗಿ ಜೋರು ಕಡಿಮೆಯಾಗುತ್ತದೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನ ವಾಪಸ್ ತರುತ್ತವೆ. ಬಂದ ಮರಳನ್ನು ಹಿಡಿದು ಕೂರಿಸುವುದು ಈ ಬಳ್ಳಿ, ಈ ಹುಲ್ಲು. ದಿಬ್ಬ ತೆಗೆದು ಗೋಡೆ ಕಟ್ಟಿದರೆ ಈ ಕೊಡುಕೊಳ್ಳುವಿಕೆ ನಿಲ್ಲುತ್ತದೆ. ಅಲೆ ಗೋಡೆಗೆ ಹೊಡೆದು ಬುಡದ ಮರಳನ್ನೇ ಎಳೆಯುತ್ತದೆ, ಗೋಡೆ ಮುಗಿದ ಕಡೆ ಪಕ್ಕದವರ ಜಾಗ ಕೊರೆಯುತ್ತದೆ. ಪ್ರತಿ ಮಳೆಗಾಲ ಪೇಪರಿನಲ್ಲಿ ಬರುವ ಕಡಲ್ಕೊರೆತದ ಫೋಟೋಗಳಲ್ಲಿ ಮುರಿದು ಬಿದ್ದ ಕಲ್ಲಿನ ಗೋಡೆ ಇದ್ದೇ ಇರುತ್ತದೆ, ನೋಡಿ.

ಗಾಳಿಮರದ ಬಗ್ಗೆ ನನಗೆ ಮೊದಲಿನಿಂದ ಪ್ರೀತಿ. ಕಾರವಾರದ ದಂಡೆ ಅಂದ ಕೂಡಲೇ ಮನಸ್ಸಿಗೆ ಬರುವುದು ಅದರ ಸುಯ್ಯೆನ್ನುವ ಸದ್ದು. ಆದರೆ ಅದು ಈ ಮಣ್ಣಿನದಲ್ಲ, ಹೊರಗಿನಿಂದ ತಂದು ನೆಟ್ಟದ್ದು. ಅದರ ಉದುರಿದ ಕಡ್ಡಿ ದಪ್ಪ ಹಾಸಿನಂತೆ ಬಿದ್ದ ಕಡೆ ಬಂಗಡೆ ಬಳ್ಳಿ ಹಬ್ಬುವುದಿಲ್ಲ, ದಂಡೆಗೆ ತೀರಾ ಹತ್ತಿರ ನೆಟ್ಟರೆ ಆಮೆಗೂ ಗುಂಡಿ ತೋಡಲು ಜಾಗ ಇರುವುದಿಲ್ಲ. ಈ ಲಾಡ್ಜಿನವರು ಇದ್ದ ಮರ ಕಡಿದಿಲ್ಲ. ಹೊಸದಾಗಿ ನೆಡುವಾಗ ಮಾತ್ರ ಸುರಹೊನ್ನೆ, ಕೇದಿಗೆ ನೆಡುತ್ತಿದ್ದಾರೆ. ಹಳಬರ ಮನೆಗಳಲ್ಲಿ ದೀಪ ಉರಿದದ್ದು ಹೊನ್ನೆ ಎಣ್ಣೆಯಲ್ಲಿ. ಆ ಮರ ದಂಡೆಯಲ್ಲಿ ಮತ್ತೆ ಬೆಳೆಯುವುದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಎಷ್ಟು ಹಿಂದೆ ಕಟ್ಟಬೇಕು ಅನ್ನುವುದಕ್ಕೆ ಕಾನೂನು ಇದೆ. 1991ರಲ್ಲಿ ಮೊದಲ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು, ಎಲ್ಲರೂ ಸಿಆರ್‌ಝೆಡ್ ಅನ್ನುವುದು ಅದಕ್ಕೇ. 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಹಳ್ಳಿ ಕಡೆ ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಅನ್ನುವುದು ಮೊದಲಿನ ನಿಯಮ. 2019ರಲ್ಲಿ ಜನ ದಟ್ಟವಾಗಿರುವ ಹಳ್ಳಿಗಳಿಗೆ, ಅಂದರೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವಲ್ಲಿ, ಅದನ್ನು 50 ಮೀಟರಿಗೆ ಇಳಿಸಿದರು. ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲುಗಳಿಗೆ ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು ಅಂತಲೂ ಆಯಿತು. ಮರಳ ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆ ಇಡುವ ಜಾಗ ಇವಕ್ಕೆ ಎಲ್ಲಕ್ಕಿಂತ ಬಿಗಿ ರಕ್ಷಣೆ ಅಂತ ಅದೇ ಅಧಿಸೂಚನೆ ಹೇಳುತ್ತದೆ. ಒಂದು ಕೈಯಲ್ಲಿ ರಕ್ಷಣೆ, ಇನ್ನೊಂದು ಕೈಯಲ್ಲಿ 10 ಮೀಟರ್. ತಾತ್ಕಾಲಿಕ ಅಂತ ಕಟ್ಟಿದ್ದಕ್ಕೆ ಮುಂದಿನ ವರ್ಷ ಸಿಮೆಂಟಿನ ಬುಡ ಬರುತ್ತದೆ, ಅದರ ಮುಂದಿನ ವರ್ಷ ಟೈಲ್ಸ್. ಇದನ್ನು ನಮ್ಮ ಕರಾವಳಿಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಕಡಲು ಕಾಣಬೇಕಾದರೆ ಮೂರು ನಿಮಿಷ ನಡೆಯಬೇಕು. ನಡೆದೆವು. ದಿಬ್ಬದ ತುದಿಗೆ ಬಂದ ಕೂಡಲೇ ಒಮ್ಮೆಲೇ ಇಡೀ ಕಡಲು ಎದುರು ಬಂತು. ಅದೂ ಒಂದು ಸುಖವೇ.

ಬಾವಿಯ ಮಾತು

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿದೆ. ಅಲ್ಲಿ ಶವರ್ ಇಲ್ಲ. ಬಚ್ಚಲಲ್ಲಿ ತಾಮ್ರದ ಹಂಡೆ, ಬಕೆಟ್, ಚೊಂಬು. ಹಂಡೆ ಮುಗಿದರೆ ಹೇಳಿ ತರಿಸಿಕೊಳ್ಳಬೇಕು. ಹಾಸಿಗೆ ಬಟ್ಟೆ ದಿನಾ ಬದಲಾಯಿಸುವುದಿಲ್ಲ. ಈಜುಕೊಳ ಇಲ್ಲವೇ ಇಲ್ಲ. ಅಡಿಕೆ ತೋಟದವರಾದ ನಾವು ನೀರಿನ ಬೆಲೆ ಗೊತ್ತಿಲ್ಲದವರಲ್ಲ, ಆದರೂ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ ಚೊಂಬು ಲೆಕ್ಕ ಯಾಕೆ ಅಂತ ನನ್ನ ಗಂಡ ಕೇಳಿದರು.

ಉತ್ತರ ಸಿಕ್ಕಿದ್ದು ಬಟ್ಟೆ ಒಗೆಯಲು ಬರುವ ಅಕ್ಕನಿಂದ. ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಸಿಕ್ಕಿದರು. ನಾನು ಸುಮ್ನೆ ಮಾತಾಡಿಸಿದೆ, ಎಲ್ಲಿ ಮನೆ, ಮಕ್ಕಳೆಷ್ಟು ಅಂತ. ಮನೆ ಅಲ್ಲೇ ಹತ್ತಿರದ ಕೇರಿಯಲ್ಲಿ. ಹೋಗುವಾಗ ದಿನಾ ಎರಡು ಕೊಡ ನೀರು ಇಲ್ಲಿಂದಲೇ ಒಯ್ಯುತ್ತಾರೆ.

"ನಿಮ್ಮನೆಯಲ್ಲಿ ಬಾವಿ ಇಲ್ವಾ ಅಕ್ಕ?"

"ಅದೆ ತಂಗಿ. ನಮ್ಮ ಮಾವನ ಕಾಲದ್ದು. ಇಡೀ ಕೇರಿ ಅದ್ರದ್ದೇ ನೀರು ಕುಡೀತಿತ್ತು. ಈಗ ಕುಡೀಲಿಕ್ಕೆ ಆಗೂದಿಲ್ಲ. ಚಾ ಮಾಡಿದ್ರೆ ಹಾಲು ಒಡೀತದೆ. ಬೇಳೆ ಬೇಯೂದಿಲ್ಲ." ಅವರ ಹಿತ್ತಲಿಗೆ ತಾಗಿ ಹೊಸದೊಂದು ದೊಡ್ಡ ವಸತಿ ಬಂದಿದೆ. ಕೊಳವೆಬಾವಿ, ಈಜುಕೊಳ, ಹುಲ್ಲುಹಾಸು, ಬೆಳಗಿನಿಂದ ರಾತ್ರಿವರೆಗೆ ಪಂಪು. ಅದು ಬಂದ ಮೇಲಿನ ಎರಡನೇ ಬೇಸಿಗೆಯಲ್ಲಿ ಬಾವಿಯ ರುಚಿ ಬದಲಾಯಿತು ಅಂತ ಅವರು ಹೇಳಿದರು. ಮೊದಲು ಏಪ್ರಿಲ್ ಮೇಯಲ್ಲಿ ಮಾತ್ರ ಉಪ್ಪಿತ್ತು. ಈಗ ಸಂಕ್ರಾಂತಿಗೇ ಶುರು. "ಅವ್ರ ಗೇಟಿನ ಮೇಲೂ ಪರಿಸರಸ್ನೇಹಿ ಅಂತನೇ ಬರ್ದದೆ." ಇದನ್ನು ಅವರು ಬೈಗುಳದ ಹಾಗೆ ಹೇಳಲಿಲ್ಲ. ಬಟ್ಟೆ ಹಿಂಡುತ್ತಾ, ನಡೆದ ಒಂದು ಸಂಗತಿ ಹೇಳುವ ಹಾಗೆ ಹೇಳಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಕಡಲ ಬದಿಯ ಮರಳಿನಲ್ಲಿ ಸಿಹಿನೀರು ಇರುವುದೇ ಒಂದು ಸೂಕ್ಷ್ಮ ಲೆಕ್ಕದ ಮೇಲೆ. ಮಳೆನೀರು ಇಂಗಿ, ಕೆಳಗೆ ಒಳನುಗ್ಗಿರುವ ಉಪ್ಪುನೀರಿನ ಮೇಲೆ, ನೀರಿನ ಮೇಲೆ ಎಣ್ಣೆ ನಿಂತ ಹಾಗೆ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಸ್ವಲ್ಪ ಭಾರ. ಈ ತೂಕದ ವ್ಯತ್ಯಾಸದಿಂದ ಹೊರಡುವ ಲೆಕ್ಕ ಏನೆಂದರೆ, ಬಾವಿಯ ನೀರಿನ ಮಟ್ಟ ಕಡಲಿಗಿಂತ 1 ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆ. ಕೇಳಲಿಕ್ಕೆ ಖುಷಿಯ ವಿಷಯ. ಆದರೆ ತಿರುಗಿಸಿ ನೋಡಿ. ಪಂಪು ಹಾಕಿ ಮಟ್ಟವನ್ನು 1 ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೇರುವ ದಾರಿ ತೆರೆದ ಹಾಗೆ. ಕೈಯಲ್ಲಿ ಸೇದುವ ಬಾವಿ ಮೇಲಿನ ನೀರನ್ನು ಮಾತ್ರ ತೆಗೆಯುತ್ತದೆ. ರಾತ್ರಿ ಕಳೆಯುವುದರೊಳಗೆ ಅದು ತುಂಬಿಕೊಳ್ಳುತ್ತದೆ. ಆಳದ ಕೊಳವೆಯೊಳಗೆ ಮೋಟಾರು ಇಳಿಸಿ ಗಂಟೆಗಟ್ಟಲೆ ಎಳೆದರೆ ಆ ತೇಲುವ ಪದರ ಹರಿದು ಹೋಗುತ್ತದೆ. ಒಮ್ಮೆ ಉಪ್ಪು ಏರಿದ ಮೇಲೆ ಅದನ್ನು ಕೆಳಗೆ ತಳ್ಳಲು ಎಷ್ಟೋ ಮಳೆಗಾಲ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದರಲ್ಲಿ ಹೆಚ್ಚಿನದು ಹರಿದು ಕಡಲಿಗೇ ಹೋಗುತ್ತದೆ ಅನ್ನುವುದು ಬೇರೆ.

ಇನ್ನೊಂದು ಕಣ್ಣಿಗೆ ಕಾಣದ ವಿಷಯ ಶೌಚದ ಗುಂಡಿ. ಮರಳಿನಲ್ಲಿ ಕೊಳೆನೀರು ಬೇಗ ಇಂಗುತ್ತದೆ, ಹಾಗಾಗಿ ಗುಂಡಿ ತುಂಬುವುದೇ ಇಲ್ಲ ಅಂತ ಕಟ್ಟಿದವರಿಗೆ ನೆಮ್ಮದಿ. ಬೇಗ ಇಂಗಿದ್ದು ಶುದ್ಧವಾಗದೆಯೇ ಪಕ್ಕದ ಬಾವಿಗೆ ಬೇಗ ತಲುಪುತ್ತದೆ. ನಾವು ಉಳಿದಲ್ಲಿ ಗುಂಡಿಯ ನೀರನ್ನು ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ, ಜಲ್ಲಿ ತುಂಬಿ ಬಾಳೆ, ಆಪು ಹುಲ್ಲು ನೆಟ್ಟ ಕಾಲುವೆಯಲ್ಲಿ ಹಾಯಿಸುತ್ತಾರೆ. ಮಗಳಿಗೆ ಅದನ್ನು ತೋರಿಸಿದ್ದು ಅಲ್ಲಿನ ಅಡುಗೆಯ ಹುಡುಗ, ದೇವಸ್ಥಾನ ತೋರಿಸುವಷ್ಟೇ ಹೆಮ್ಮೆಯಿಂದ.

ಮೂರು ದೂರಿನ ಬೆಲೆ

ಹೊರಡುವ ಬೆಳಿಗ್ಗೆ ಲಾಡ್ಜು ನಡೆಸುವವರ ಜೊತೆ ಕೂತು ಮಾತಾಡಿದೆ. ಕುಮಟಾ ಕಡೆಯವರೇ, ಮುಂಬೈಯಲ್ಲಿ ಕೆಲಸದಲ್ಲಿದ್ದು ವಾಪಸ್ ಬಂದವರು. ಕಷ್ಟ ಆಗುವುದಿಲ್ವಾ ಅಂತ ಕೇಳಿದೆ. ಆಗ್ತದೆ ಅಂದರು. ಎದುರು ಕಡಲು ಕಾಣುವ ರೂಮಿಗೆ ಕೇಳಿದಷ್ಟು ಬಾಡಿಗೆ ಕೊಡುತ್ತಾರೆ, ಇವರಲ್ಲಿ ಹಾಗಿಲ್ಲ. ಮದುವೆ ಪಾರ್ಟಿಗೆ ಕೇಳಿಕೊಂಡು ಬಂದವರು ದೀಪ, ಸ್ಪೀಕರ್ ಇಲ್ಲ ಅಂದ ಕೂಡಲೇ ಬೇರೆ ಕಡೆ ಹೋಗುತ್ತಾರೆ. ಮಳೆಗಾಲ ಪೂರ್ತಿ ಬಾಗಿಲು ಹಾಕುತ್ತಾರೆ. ಆದರೂ ಕೆಲಸದವರೆಲ್ಲ ಊರಿನವರು, ತರಕಾರಿ ಅಂಕೋಲಾದ ಹಾಲಕ್ಕಿ ಸಮುದಾಯದ ಹೆಂಗಸರದ್ದು, ಮೀನು ಎದುರಿನ ದಂಡೆಯದ್ದು. ಮೀನು ನಮಗೆ ಬೇಡವಾದ್ದರಿಂದ ಅದರ ರುಚಿ ನಾನು ಹೇಳಲಾರೆ, ಮುರುಗಲ ಸಾರು ಮಾತ್ರ ಬಹಳ ಚೆನ್ನಾಗಿತ್ತು. ಅವರು ಹೇಳಿದ ಒಂದು ಮಾತು ನನಗೆ ಉಳಿದಿದೆ. ಬುಕ್ ಮಾಡುವವರು ಎಸಿ ಇದೆಯಾ, ವೈಫೈ ಇದೆಯಾ, ಬೀಚ್ ಎಷ್ಟು ಹತ್ತಿರ ಅಂತ ಕೇಳುತ್ತಾರಂತೆ. ನೀರು ಎಲ್ಲಿಂದ ತರ್ತೀರಿ ಅಂತ ಇದುವರೆಗೆ ಯಾರೂ ಕೇಳಿಲ್ಲವಂತೆ.

ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಯಾಕೆಂದರೆ ಈ ಕರಾವಳಿಗೆ ಒಂದರ ಮೇಲೊಂದು ಗೌರವ ಬರುತ್ತಿದೆ, ಪ್ರತಿ ಗೌರವದ ಹಿಂದೆ ಜನ ಬರುತ್ತಾರೆ. 2020ರಲ್ಲಿ ಕಾಸರಕೋಡು ದಂಡೆಗೆ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ ದಂಡೆಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಅದಕ್ಕೆ 33 ಮಾನದಂಡ ಇವೆ. ಅದೇ ಕಾಸರಕೋಡಿನ ಟೊಂಕದಲ್ಲಿ ಬಂದರು ಬೇಡ, ಇದು ಆಮೆ ಮೊಟ್ಟೆ ಇಡುವ ದಂಡೆ, ನಮ್ಮ ಮೀನು ಒಣಗಿಸುವ ಜಾಗ ಅಂತ ಮೀನುಗಾರರು ವರ್ಷಗಟ್ಟಲೆಯಿಂದ ಹೋರಾಡುತ್ತಿದ್ದಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು, 4801 ಹೆಕ್ಟೇರ್. ಶಿರಸಿಯಲ್ಲಿ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ನಮ್ಮ ನದಿ. ಪೇಪರಿನಲ್ಲಿ ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬೆಳಚು ಅನ್ನುವ ಚಿಪ್ಪು ಹೆಕ್ಕುವ ಹೆಂಗಸರನ್ನು, ಅವರ ಪಕ್ಕದಲ್ಲೇ ಕಯಾಕ್‌ನಲ್ಲಿ ಕೂತು ಫೋಟೋ ತೆಗೆಯುವವರನ್ನು ಒಟ್ಟಿಗೆ ನೋಡಿದಾಗ, ಈ ಹೆಸರಿನಿಂದ ಯಾರಿಗೆ ಏನು ಸಿಗಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ದಂಡೆಯಲ್ಲಿ ತಲೆತಲಾಂತರದಿಂದ ಇರುವವರು ಮನೆಗೆ ಒಂದು ಕೋಣೆ ಸೇರಿಸಬೇಕಾದರೆ ಪಂಚಾಯ್ತಿಯಿಂದ ಕಾರವಾರದವರೆಗೆ ಕಾಗದ ಹಿಡಿದು ತಿರುಗಬೇಕು. 100ರಿಂದ 200 ಮೀಟರ್ ನಡುವೆ ಅವರ ಮನೆಗಳಿಗೆ ಅವಕಾಶ ಇದೆ ಅಂತ 2011ರ ಅಧಿಸೂಚನೆಯಲ್ಲೇ ಇತ್ತು. ಓದಿ ಹೇಳುವವರು ಬೇಕಲ್ಲ. ಹೊರಗಿನಿಂದ ಬಂದವರಿಗೆ ಓದಿ ಹೇಳಲು ವಕೀಲರಿದ್ದಾರೆ.

ಹಾಗಾಗಿ ಈಗ ನಾನು ಎಲ್ಲಿ ರೂಮ್ ಹಿಡಿಯುವುದಿದ್ದರೂ ಮೊದಲು ಕೇಳುವುದು ಬೇರೆ. ಕುಡಿಯುವ ನೀರು ಬಾವಿಯದ್ದೋ ಕೊಳವೆಯದ್ದೋ? ಈಜುಕೊಳ ಇದೆಯಾ? ಇದ್ದರೆ ನಾವು ಬರುವುದಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲ ಬದಿಯ ದೀಪ ಎಷ್ಟು ಗಂಟೆಗೆ ಆರಿಸ್ತೀರಿ? ಮೊನ್ನೆ ಕಾರವಾರದ ಕಡೆಯ ಒಬ್ಬರಿಗೆ ಕೇಳಿದೆ. ಮೊದಲು ಗಲಿಬಿಲಿಯಾದರು, ನೀವು ಇಲಾಖೆಯವರಾ ಅಂದರು. ಅಲ್ಲ, ಶಿರಸಿಯವರು, ರಜೆಗೆ ಬರ್ತಾ ಇದ್ದೇವೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿ, ದಂಡೆಯ ಕಡೆಯ ಎರಡು ದೊಡ್ಡ ಲೈಟು ತೆಗೆಸಿದರೆ ಬರ್ತೀರಾ ಅಂತ ಕೇಳಿದರು. ಬರ್ತೇವೆ ಅಂದೆ. ಭಾವನಿಗೂ ಇದೆಲ್ಲ ಹೇಳಿದೆ. ಅವರು ಆಮೆಯ ವಿಷಯ ಒಪ್ಪಿದರು, ದಿಬ್ಬದ ವಿಷಯವೂ ಸರಿ ಅಂದರು. ಶವರ್ ಇಲ್ಲದ್ದು ಮಾತ್ರ ಇನ್ನೂ ಒಪ್ಪಿಲ್ಲ. ನಾನೂ ಬಿಡುವವಳಲ್ಲ.

ಬಟ್ಟೆ ಒಗೆಯುವ ಅಕ್ಕನ ನಂಬರ್ ತಗೊಂಡು ಬಂದಿದ್ದೆ. ಅವರ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿಯಾಗಿದೆ. ಅಷ್ಟೇ ಸಾಲದು ಅಂತ ಲಾಡ್ಜಿನವರು ಹೇಳಿದರು. ಉಪ್ಪು ಜಾಸ್ತಿ ಏರುವುದು ಮೇ ತಿಂಗಳಲ್ಲಿ. ಆಗ ಇನ್ನೊಂದು ಬಾಟಲಿ, ಮಳೆ ಮುಗಿದ ಮೇಲೆ ಮತ್ತೊಂದು ಕೊಡಬೇಕು. ಮೂರೂ ಕಾಗದ ಪಕ್ಕಪಕ್ಕ ಇಟ್ಟು ತೋರಿಸಿದರೆ ಗ್ರಾಮಸಭೆಯಲ್ಲಿ ಮಾತು ನಿಲ್ಲುತ್ತದೆ. ಅಕ್ಕ ಇದುವರೆಗೆ ಗ್ರಾಮಸಭೆಗೆ ಹೋದವರಲ್ಲ. ಈ ಸಲ ಕೇರಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಹೋಗುತ್ತಾರಂತೆ.